ವ್ಯಾಪಾರಿಯ ಸತ್ಕಾರ್ಯ: ತೋರಿಕೆಯೋ, ಹೊಣೆಯೋ?

ಕೈಗೆ ಹಚ್ಚುವ ಒಂದು ಕ್ರೀಮಿನಿಂದ ಮಾತನ್ನು ಆರಂಭಿಸೋಣ. ಬ್ರಿಟನ್ನಿನಲ್ಲಿ ಹುಟ್ಟಿ ಅನೇಕ ದೇಶಗಳಲ್ಲಿ ಅಂಗಡಿಗಳನ್ನು ತೆರೆದಿದ್ದ ದಿ ಬಾಡಿ ಶಾಪ್ ಎಂಬ ಸೌಂದರ್ಯ ಸಾಮಗ್ರಿಗಳ ಕಂಪೆನಿ 2009ರಲ್ಲಿ ಎಕ್ಪಾಟ್ ಎಂಬ ಸ್ವಯಂಸೇವಾ ಸಂಸ್ಥೆಯೊಡನೆ ಕೈಜೋಡಿಸಿತು. ಎಕ್ಪಾಟ್ ಎಂಬುದು ಮಕ್ಕಳ ಲೈಂಗಿಕ ಶೋಷಣೆಯ ವಿರುದ್ಧ ಹೋರಾಡಲು 1990ರಲ್ಲಿ ಥಾಯ್ಲೆಂಡಿನಲ್ಲಿ ಆರಂಭವಾದ ಸಂಸ್ಥೆ. ಇವರಿಬ್ಬರೂ ಸೇರಿ ಮಕ್ಕಳನ್ನು ವೇಶ್ಯಾವಾಟಿಕೆಗೆ ಸಾಗಿಸುವ ದಂಧೆಯ ವಿರುದ್ಧ ಒಂದು ಅಭಿಯಾನ ನಡೆಸಿದರು. ಅದಕ್ಕೆಂದೇ ಒಂದು ಹ್ಯಾಂಡ್ ಕ್ರೀಮನ್ನು ತಯಾರಿಸಿ, ಅದರ ಲಾಭವನ್ನು ಈ ಕಾರ್ಯಕ್ಕೆ ಮೀಸಲಿಟ್ಟರು. ಅಂಗಡಿಗೆ ಬಂದ ಗಿರಾಕಿಗಳಿಂದ ಮನವಿಪತ್ರಕ್ಕೆ ಸಹಿ ಪಡೆದರು. 2011ರಲ್ಲಿ ಆ ಮನವಿಯನ್ನು ಜಿನೀವಾದಲ್ಲಿ ವಿಶ್ವಸಂಸ್ಥೆಗೆ ಒಪ್ಪಿಸುವಾಗ ಸಹಿಗಳ ಸಂಖ್ಯೆ 70 ಲಕ್ಷವನ್ನು ದಾಟಿತ್ತು. ಹಲವು ಸರಕಾರಗಳು ತಮ್ಮ ಕಾನೂನನ್ನು ಬಿಗಿಗೊಳಿಸುವ ಭರವಸೆ ನೀಡಿದವು.

ವಾಚಕರೇ, ಇದನ್ನು ಓದುವಾಗ ನಿಮ್ಮ ಮನಸ್ಸಿನಲ್ಲಿ ಎರಡು ಮಾತುಗಳು ಒಟ್ಟಿಗೇ ಏಳಬಹುದು. ಎಂಥ ಒಳ್ಳೆಯ ಕೆಲಸ, ಸಂಸ್ಥೆಯೊಂದು ತಾನೊಂದೇ ಬೀದಿಯಲ್ಲಿ ನಿಂತು ಕೂಗಿದ್ದರೆ ಅಷ್ಟು ಜನರ ಕಿವಿಗೆ ಬೀಳುತ್ತಿತ್ತೇ ಎಂಬುದು ಒಂದು. ಮಾನ ಕಳೆದುಕೊಂಡ ಎಳೆಯ ಮಕ್ಕಳ ಹೆಸರಿನಲ್ಲಿ ಕ್ರೀಮು ಮಾರಿದರಲ್ಲ ಎಂಬುದು ಇನ್ನೊಂದು. ನಾಲ್ಕಾರು ಜನ ಸೇರಿದಲ್ಲಿ ಈ ವಿಷಯ ಬಂದರೆ ಕೂಡಲೇ ಎರಡು ಪಕ್ಷಗಳಾಗಿಬಿಡುತ್ತವೆ. ಒಬ್ಬರು ಲೆಕ್ಕ ಒಪ್ಪಿಸುತ್ತಾರೆ, ಇನ್ನೊಬ್ಬರು ಉದ್ದೇಶವನ್ನು ಕೆದಕುತ್ತಾರೆ. ಚಹಾ ತಣ್ಣಗಾಗುತ್ತದೆ, ತೀರ್ಮಾನವಾಗುವುದಿಲ್ಲ.

ಉದ್ದೇಶದ ಪ್ರಶ್ನೆ ಸಣ್ಣದೇನೂ ಅಲ್ಲ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯದಷ್ಟು ಗುಟ್ಟಾಗಿ ದಾನ ಮಾಡುವವನಿಗೆ ದೊರೆಯುವ ಸ್ಥಾನದ ಬಗ್ಗೆ ಪ್ರವಾದಿ(ಸ)ಯವರು ಹೇಳಿದ್ದನ್ನು ಕೇಳದ ಮುಸ್ಲಿಮನಿಲ್ಲ. ಜನ ನೋಡಲೆಂದು ಖರ್ಚು ಮಾಡುವವನ ದಾನವು ನಿಷ್ಫಲವೆಂದು ಕುರ್‌ಆನ್ ಎಚ್ಚರಿಸಿದೆ. ಆದರೆ ಅದೇ ಕುರ್‌ಆನ್ ಬಹಿರಂಗವಾಗಿ ಕೊಡುವುದನ್ನು ತಪ್ಪೆಂದು ತಳ್ಳಿಹಾಕಿಲ್ಲ ಎಂಬುದನ್ನು ನಾವು ಮರೆಯುತ್ತೇವೆ. ಗುಟ್ಟಾಗಿ ಕೊಡುವುದು ಹೆಚ್ಚು ಉತ್ತಮ, ಬಹಿರಂಗವಾಗಿ ಕೊಡುವುದೂ ಒಳ್ಳೆಯದೇ. ಅಲ್ಲದೆ ಜಾಗೃತಿಯೆಂಬುದು ಗುಟ್ಟಾಗಿ ಮಾಡಲಾಗದ ಕೆಲಸ. ಹಸಿದವನಿಗೆ ಕತ್ತಲಲ್ಲಿ ಅನ್ನ ಕೊಡಬಹುದು. ಬಾವಿಯಲ್ಲಿ ವಿಷವಿದೆ ಎಂಬುದನ್ನು ಕೂಗಿಯೇ ಹೇಳಬೇಕು.

ಹಾಗಾದರೆ ಕೂಗುವವನು ವ್ಯಾಪಾರಿಯೇ ಏಕಾಗಬೇಕು? ಇದಕ್ಕೆ ಉತ್ತರ ಸರಳವಾಗಿದೆ. ಮಾನವ ಕಳ್ಳಸಾಗಣೆ ಎಂಬುದೇ ಒಂದು ವ್ಯಾಪಾರ. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಾದ್ಯಂತ 2 ಕೋಟಿ 76 ಲಕ್ಷ ಜನರು ಬಲವಂತದ ದುಡಿಮೆಯಲ್ಲಿ ಸಿಲುಕಿದ್ದರು. ಅವರಲ್ಲಿ 63 ಲಕ್ಷ ಜನರು ಬಲವಂತದ ಲೈಂಗಿಕ ಶೋಷಣೆಗೆ ಗುರಿಯಾದವರು. ಬಲವಂತದ ದುಡಿಮೆಯಿಂದ ದಂಧೆಕೋರರಿಗೆ ವರ್ಷಕ್ಕೆ 23,600 ಕೋಟಿ ಡಾಲರ್ ಅಕ್ರಮ ಲಾಭ ಬರುತ್ತಿದೆಯೆಂದು ಅದೇ ಸಂಘಟನೆ 2024ರಲ್ಲಿ ವರದಿ ಮಾಡಿತು. ಆ ಲಾಭದ ಸುಮಾರು ಮುಕ್ಕಾಲು ಪಾಲು ಬರುವುದು ಲೈಂಗಿಕ ಶೋಷಣೆಯೊಂದರಿಂದಲೇ. ಇಷ್ಟು ದೊಡ್ಡ ವಹಿವಾಟು ಕಾಡಿನಲ್ಲಿ ನಡೆಯುವುದಿಲ್ಲ. ಅದಕ್ಕೆ ಲಾಡ್ಜಿನ ಕೋಣೆ ಬೇಕು, ಬಸ್ಸಿನ ಟಿಕೇಟು ಬೇಕು, ಬಾಡಿಗೆ ಕಾರು ಬೇಕು, ಸಾಲ ಕೊಡುವವನು ಬೇಕು, ಕೆಲಸ ಕೊಡಿಸುತ್ತೇನೆನ್ನುವ ಏಜೆಂಟನು ಬೇಕು. ಇವರಲ್ಲಿ ಹೆಚ್ಚಿನವರು ದುಷ್ಟರಲ್ಲ. ನಮ್ಮ ನಿಮ್ಮಂತೆ ಅಂಗಡಿ ತೆರೆದು ಕುಳಿತವರು. ತಮ್ಮ ಪಾಲಿನ ಬಾಡಿಗೆಯನ್ನು ಎಣಿಸಿಕೊಂಡು, ಉಳಿದದ್ದನ್ನು ನೋಡದವರು.

ಈ ವ್ಯಾಪಾರಕ್ಕೆ ಮರ್ಯಾದಸ್ಥರ ಮನೆಯೂ ಹೊರತಲ್ಲವೆಂದು ನಮಗೆ ಮೊದಲೇ ತಿಳಿಸಲಾಗಿದೆ. ಮದೀನಾದ ಅಬ್ದುಲ್ಲಾ ಬಿನ್ ಉಬಯ್ಯ್ ಸಾಮಾನ್ಯನಲ್ಲ, ಊರಿನ ಮುಖಂಡ. ತನ್ನ ಅಧೀನದಲ್ಲಿದ್ದ ಗುಲಾಮ ಸ್ತ್ರೀಯರನ್ನು ಆತ ವೇಶ್ಯಾವೃತ್ತಿಗೆ ಬಲವಂತಪಡಿಸಿ ಅದರ ಹಣ ತಿನ್ನುತ್ತಿದ್ದನೆಂದೂ, ಆ ಸ್ತ್ರೀಯರು ಪ್ರವಾದಿ(ಸ)ಯವರ ಬಳಿ ದೂರಿಕೊಂಡರೆಂದೂ ಹದೀಸ್ ಗ್ರಂಥಗಳಲ್ಲಿ ಬಂದಿದೆ. ಅಧ್ಯಾಯ ಅನ್ನೂರ್‌ನ 33ನೇ ಸೂಕ್ತವು ಅವತೀರ್ಣವಾದದ್ದು ಈ ಹಿನ್ನೆಲೆಯಲ್ಲಿ. ಐಹಿಕ ಲಾಭಕ್ಕಾಗಿ ಆ ಹೆಣ್ಣುಮಕ್ಕಳನ್ನು ಬಲವಂತಪಡಿಸುವುದನ್ನು ಅದು ನಿಷೇಧಿಸಿತು. ಅಷ್ಟೇ ಅಲ್ಲ, ಬಲಾತ್ಕಾರಕ್ಕೆ ಒಳಗಾದವರ ಕಡೆಗೆ ಅಲ್ಲಾಹನ ಕ್ಷಮೆ ಮತ್ತು ಕರುಣೆಯನ್ನು ತಿರುಗಿಸಿತು. ನಮ್ಮ ಊರುಗಳಲ್ಲಿ ಇಂದಿಗೂ ದೌರ್ಜನ್ಯಕ್ಕೊಳಗಾದ ಹುಡುಗಿಯ ಮನೆಯ ಮುಂದೆ ಜನ ತಲೆ ತಗ್ಗಿಸಿ ಹಾದುಹೋಗುತ್ತಾರೆ, ದೌರ್ಜನ್ಯ ಮಾಡಿದವನ ಮನೆಯ ಮದುವೆಗೆ ತಲೆಯೆತ್ತಿ ಹೋಗಿ ಬಿರಿಯಾನಿ ಉಣ್ಣುತ್ತಾರೆ. ಹದಿನಾಲ್ಕು ಶತಮಾನಗಳ ಹಿಂದೆ ಬಂದ ತೀರ್ಪನ್ನು ನಾವಿನ್ನೂ ತಲೆಕೆಳಗಾಗಿಯೇ ಓದುತ್ತಿದ್ದೇವೆ.

ಈಗ ಹೋಟೆಲುಗಳ ವಿಷಯಕ್ಕೆ ಬರೋಣ. ಇಲ್ಲಿ ಕಥೆ ಕ್ರೀಮಿನದ್ದಕ್ಕಿಂತ ಭಿನ್ನ. ಎಕ್ಪಾಟ್ ಸಂಸ್ಥೆಯ ಸ್ವೀಡನ್ ಶಾಖೆಯು 1990ರ ದಶಕದಲ್ಲಿ ಅಲ್ಲಿನ ಪ್ರವಾಸಿ ಕಂಪೆನಿಗಳೊಡನೆ ಕುಳಿತು ಒಂದು ನಡತೆಯ ಸಂಹಿತೆಯನ್ನು ರೂಪಿಸಿತು. ಮಕ್ಕಳ ಶೋಷಣೆಯ ವಿರುದ್ಧ ಕಂಪೆನಿ ತನ್ನ ನೀತಿಯನ್ನು ಲಿಖಿತವಾಗಿ ಸಾರಬೇಕು, ನೌಕರರಿಗೆ ತರಬೇತಿ ಕೊಡಬೇಕು, ತಾನು ಮಾಡುವ ಕರಾರುಗಳಲ್ಲೇ ಈ ಶರತ್ತನ್ನು ಸೇರಿಸಬೇಕು, ಪ್ರವಾಸಿಗಳಿಗೆ ತಿಳಿಸಬೇಕು, ಪ್ರತಿ ವರ್ಷ ವರದಿ ಒಪ್ಪಿಸಬೇಕು ಎಂಬಿತ್ಯಾದಿ ನಿಯಮಗಳು ಅದರಲ್ಲಿದ್ದವು. ಅಮೆರಿಕದ ದೊಡ್ಡ ಹೋಟೆಲ್ ಸಮೂಹಗಳು ಇದಕ್ಕೆ ಸಹಿ ಹಾಕಲು ಹಿಂಜರಿದವು. ನಮ್ಮ ಹೆಸರಿನ ಪಕ್ಕದಲ್ಲಿ ಈ ಹೊಲಸಿನ ಹೆಸರೇಕೆ, ಸಹಿ ಹಾಕಿದರೆ ನಮ್ಮಲ್ಲಿ ಹಾಗೆ ನಡೆಯುತ್ತಿದೆಯೆಂದು ಒಪ್ಪಿಕೊಂಡಂತಾಗದೇ ಎಂಬ ಅಳುಕು. 2004ರಲ್ಲಿ ಕಾರ್ಲ್‌ಸನ್ ಸಮೂಹವು ಮೊದಲು ಸಹಿ ಹಾಕಿತು.

2017ರ ಜನವರಿಯಿಂದ ಮ್ಯಾರಿಯಟ್ ಹೋಟೆಲ್ ಸಮೂಹವು ತನ್ನ ಹೋಟೆಲುಗಳ ಎಲ್ಲ ನೌಕರರಿಗೂ ಇಂತಹ ತರಬೇತಿಯನ್ನು ಕಡ್ಡಾಯಗೊಳಿಸಿತು. ಪಾಠವನ್ನು ಸಿದ್ಧಪಡಿಸಿದ್ದು ಎಕ್ಪಾಟ್ ಮತ್ತು ಪೊಲಾರಿಸ್ ಎಂಬ ಸ್ವಯಂಸೇವಾ ಸಂಸ್ಥೆಗಳ ನೆರವಿನಿಂದ. ಎರಡೇ ವರ್ಷಗಳಲ್ಲಿ 5 ಲಕ್ಷ ನೌಕರರು ತರಬೇತಿ ಪಡೆದರು. ಏನು ಕಲಿಸಿದರು? ಕೋಣೆ ಗುಡಿಸುವಾಕೆಯ ಕಣ್ಣಿಗೆ ಬೀಳುವ ಸಣ್ಣ ಸಂಗತಿಗಳನ್ನು. ಸಾಮಾನು, ಬಟ್ಟೆಬರೆ ಇಲ್ಲವೆಂಬಷ್ಟು ಕಡಿಮೆ ತಂದವರು, ದಿನಗಟ್ಟಲೆ ಕೋಣೆ ಗುಡಿಸಲು ಬಿಡದವರು, ಒಂದೇ ಕೋಣೆಗೆ ಒಬ್ಬರ ನಂತರ ಒಬ್ಬರಂತೆ ಕರೆತರಲ್ಪಡುವ ಗಂಡಸರು, ಕೇಳಿದ್ದಕ್ಕೆ ತಾನೇ ಉತ್ತರಿಸಲಾರದೆ ಪಕ್ಕದವನ ಮುಖ ನೋಡುವ ಹುಡುಗಿ. ಇವೆಲ್ಲ ವರ್ಷಗಟ್ಟಲೆ ಕೆಲಸಗಾರರ ಕಣ್ಣ ಮುಂದೆಯೇ ಹಾದುಹೋದ ದೃಶ್ಯಗಳು. ನೋಡಿದ್ದನ್ನು ಯಾರಿಗೆ ಹೇಳಬೇಕು, ಹೇಳಿದರೆ ಕೆಲಸ ಉಳಿಯುವುದೇ ಎಂಬುದು ಮಾತ್ರ ಅವರಿಗೆ ತಿಳಿದಿರಲಿಲ್ಲ.

ಇಲ್ಲಿ ಉದ್ದೇಶವನ್ನು ಕೆದಕುವವರಿಗೆ ಮತ್ತೊಂದು ಅಸ್ತ್ರ ಸಿಗುತ್ತದೆ. ಅಮೆರಿಕದಲ್ಲಿ 2008ರಲ್ಲಿ ತಿದ್ದುಪಡಿಯಾದ ಕಾನೂನಿನಂತೆ, ಕಳ್ಳಸಾಗಣೆಯ ಬಗ್ಗೆ ತಿಳಿದೂ ಅಥವಾ ತಿಳಿಯಬೇಕಾಗಿದ್ದೂ ಅದರಿಂದ ಲಾಭ ಪಡೆದವರ ಮೇಲೆ ಸಂತ್ರಸ್ತರು ಪರಿಹಾರಕ್ಕಾಗಿ ದಾವೆ ಹೂಡಬಹುದು. 2019ರಿಂದೀಚೆಗೆ ಅಲ್ಲಿನ ಹೋಟೆಲ್ ಸಮೂಹಗಳ ಮೇಲೆ ಇಂತಹ ಅನೇಕ ದಾವೆಗಳು ಬಿದ್ದಿವೆ. ಹಾಗಿದ್ದರೆ ತರಬೇತಿ ಕೊಟ್ಟದ್ದು ಕರುಣೆಯಿಂದಲೋ, ಕೋರ್ಟಿನ ಭಯದಿಂದಲೋ? ನಮ್ಮ ಮಟ್ಟಿಗೆ ಹೇಳುವುದಾದರೆ, ಅದು ಆ ವ್ಯಾಪಾರಿಯ ಮತ್ತು ಅಲ್ಲಾಹನ ನಡುವಿನ ಲೆಕ್ಕ. ಕೋಣೆಯೊಳಗೆ ಕೂಡಿಹಾಕಲ್ಪಟ್ಟ ಹುಡುಗಿಗೆ ಬಾಗಿಲು ತಟ್ಟಿದವರ ನಿಯ್ಯತ್ತು ಏನೆಂಬುದು ಮುಖ್ಯವಲ್ಲ, ಬಾಗಿಲು ತಟ್ಟಿದರು ಎಂಬುದೇ ಮುಖ್ಯ. ಕಾನೂನಿನಲ್ಲಿರುವ ‘ತಿಳಿಯಬೇಕಾಗಿದ್ದೂ’ ಎಂಬ ಆ ಒಂದು ಮಾತನ್ನು ಮಾತ್ರ ಎರಡು ಸಲ ಓದಿರಿ. ನನಗೆ ಗೊತ್ತಿರಲಿಲ್ಲ ಎನ್ನುವುದು ಯಾವಾಗಲೂ ನೆಪವಾಗಲಾರದು. ಗೊತ್ತಾಗದಂತೆ ಮುಖ ತಿರುಗಿಸಿಕೊಂಡದ್ದೂ ಲೆಕ್ಕಕ್ಕೆ ಬರುತ್ತದೆ.

ಹಾಗಾಗಿ ವ್ಯಾಪಾರಿ ಏಕೆ ಮಾಡುತ್ತಾನೆ ಎಂಬ ಪ್ರಶ್ನೆಯನ್ನು ಬದಿಗಿಟ್ಟು ಬೇರೊಂದನ್ನು ಕೇಳೋಣ. ಅವನ ಬೆರಳು ಯಾರ ಕಡೆ ತೋರಿಸುತ್ತಿದೆ? ಕ್ರೀಮಿನ ಅಭಿಯಾನ ಬೆರಳು ತೋರಿಸಿದ್ದು ಸರಕಾರಗಳ ಕಡೆಗೆ. ಅದು ತಪ್ಪಲ್ಲ, ಬೇಕಾದದ್ದೇ. ಹೋಟೆಲಿನ ತರಬೇತಿ ಬೆರಳು ತೋರಿಸಿದ್ದು ತನ್ನದೇ ಮೂರನೇ ಮಹಡಿಯ ಕೋಣೆಯ ಕಡೆಗೆ. ಮೊದಲನೆಯದರಲ್ಲಿ ವ್ಯಾಪಾರಿಗೆ ಹೆಸರು ಬರುತ್ತದೆ. ಎರಡನೆಯದರಲ್ಲಿ ಬಾಡಿಗೆ ಹೋಗಬಹುದು, ಗಿರಾಕಿ ಮುನಿಯಬಹುದು, ಪೊಲೀಸರು ಮೆಟ್ಟಿಲು ಹತ್ತಬಹುದು.

ಇದನ್ನು ಹೇಳುವಾಗ ಹಿಲ್ಫುಲ್ ಫುದೂಲ್ ನೆನಪಾಗುವುದು ಸಹಜ. ಪ್ರವಾದಿತ್ವಕ್ಕಿಂತ ಮೊದಲಿನ ಮಾತು. ಯಮನ್ ದೇಶದ ಝುಬೈದ್ ಎಂಬಲ್ಲಿಂದ ಮಕ್ಕಾಕ್ಕೆ ಸರಕು ತಂದ ಒಬ್ಬ ಪರದೇಶಿ ವ್ಯಾಪಾರಿಗೆ ಆಸ್ ಬಿನ್ ವಾಇಲ್ ಎಂಬ ಖುರೈಶ್ ಶ್ರೀಮಂತನು ಹಣ ಕೊಡದೆ ವಂಚಿಸಿದನು. ಆ ಪರದೇಶಿ ಅಬೂ ಖುಬೈಸ್ ಬೆಟ್ಟ ಹತ್ತಿ ಕಅಬಾದ ಬಳಿ ಕುಳಿತಿದ್ದವರಿಗೆ ಕೇಳುವಂತೆ ಮೊರೆಯಿಟ್ಟನು. ಆಗ ಕೆಲವು ಮನೆತನಗಳವರು ಅಬ್ದುಲ್ಲಾ ಬಿನ್ ಜುದ್‌ಆನ್‌ನ ಮನೆಯಲ್ಲಿ ಸೇರಿ, ಅನ್ಯಾಯಕ್ಕೊಳಗಾದವನು ಯಾರೇ ಇರಲಿ, ಅವನ ಹಕ್ಕು ದೊರೆಯುವ ತನಕ ಒಂದೇ ಕೈಯಾಗಿ ನಿಲ್ಲುತ್ತೇವೆಂದು ಪ್ರತಿಜ್ಞೆ ಮಾಡಿದರು. ಇಪ್ಪತ್ತರ ಆಸುಪಾಸಿನ ತರುಣರಾಗಿದ್ದ ಪ್ರವಾದಿ(ಸ)ಯವರೂ ಅಲ್ಲಿದ್ದರು. ಇಸ್ಲಾಮ್ ಬಂದ ನಂತರವೂ ಅಂತಹ ಕರಾರಿಗೆ ಕರೆದರೆ ಹೋಗುವೆನೆಂದು ಅವರು ಹೇಳಿದರು.

ಈ ಘಟನೆಯನ್ನು ಭಾಷಣಗಳಲ್ಲಿ ಆಗಾಗ ಕೇಳಿರುತ್ತೀರಿ. ಆದರೆ ಅದೇ ಕರಾರಿನ ಇನ್ನೊಂದು ಪ್ರಸಂಗ ಚರಿತ್ರೆ ಗ್ರಂಥಗಳಲ್ಲಿದೆ. ಅದನ್ನು ಹೇಳುವವರು ಕಡಿಮೆ. ಖಸ್ಅಮ್ ಗೋತ್ರದ ಒಬ್ಬನು ಮಗಳೊಂದಿಗೆ ಮಕ್ಕಾಕ್ಕೆ ಬಂದಿದ್ದನು. ನುಬೈಹ್ ಬಿನ್ ಹಜ್ಜಾಜ್ ಎಂಬ ಬಲಾಢ್ಯನು ಆ ಹುಡುಗಿಯನ್ನು ಅಪಹರಿಸಿ ತನ್ನ ಮನೆಯಲ್ಲಿಟ್ಟುಕೊಂಡನು. ದಿಕ್ಕುಗಾಣದ ತಂದೆಗೆ ಯಾರೋ, ಹಿಲ್ಫುಲ್ ಫುದೂಲ್‌ನವರನ್ನು ಕೂಗಿ ಕರೆ ಎಂದರು. ಆತ ಕಅಬಾದ ಬಳಿ ನಿಂತು ಕೂಗಿದನು. ಎಲ್ಲ ಕಡೆಗಳಿಂದ ಕತ್ತಿ ಹಿರಿದು ಬಂದವರು ನುಬೈಹ್‌ನ ಬಾಗಿಲಲ್ಲಿ ನಿಂತರು. ಒಂದು ರಾತ್ರಿಯಾದರೂ ಬಿಡಿ ಎಂದು ಆತ ಬೇಡಿಕೊಂಡನು. ಒಂಟೆಯ ಹಾಲು ಕರೆಯುವಷ್ಟು ಹೊತ್ತೂ ಬಿಡೆವು ಎಂದರು. ಹುಡುಗಿ ತಂದೆಯ ಬಳಿಗೆ ಮರಳಿದಳು.

ಅವರು ಹೊರ ಊರಿನ ಯಾವುದೋ ದುಷ್ಟನ ವಿರುದ್ಧ ಘೋಷಣೆ ಕೂಗಲಿಲ್ಲ. ತಮ್ಮದೇ ಪೇಟೆಯ, ತಮ್ಮದೇ ಬಳಗದ ಶ್ರೀಮಂತನ ಬಾಗಿಲಲ್ಲಿ ನಿಂತರು. ನಾಳೆ ಅವನೊಡನೆ ವ್ಯಾಪಾರ ಮಾಡಬೇಕಾದವರು, ಅವನ ಮನೆಗೆ ಹೆಣ್ಣು ಕೊಡಬೇಕಾದವರು. ವ್ಯಾಪಾರಿಗಳ ಕರಾರೆಂದರೆ ಅದು.

ಈಗ ನಮ್ಮ ಕಾಲದ ಜಾಗೃತಿ ಫಲಕಗಳನ್ನು ನೋಡಿರಿ. ಹೆಚ್ಚಿನವುಗಳಲ್ಲಿ ಸರಪಳಿ ಬಿಗಿದ ಎರಡು ಕೈಗಳಿರುತ್ತವೆ, ಹಿಂದೆ ಕತ್ತಲೆ, ಕತ್ತಲಲ್ಲಿ ಮುಖವಿಲ್ಲದ ಅಪರಿಚಿತ. ಆದರೆ ನಮ್ಮ ದೇಶದ ಅಪರಾಧ ದಾಖಲೆಗಳ ಬ್ಯೂರೋ ವರ್ಷ ವರ್ಷವೂ ಪ್ರಕಟಿಸುವ ಅಂಕೆಗಳಂತೆ, ಅತ್ಯಾಚಾರದ ನೂರು ಪ್ರಕರಣಗಳಲ್ಲಿ ತೊಂಬತ್ತಕ್ಕೂ ಹೆಚ್ಚಿನವುಗಳಲ್ಲಿ ಆರೋಪಿಯು ಆ ಹೆಣ್ಣಿಗೆ ಪರಿಚಿತನೇ. ಬಂಧು, ನೆರೆಯವ, ಕೆಲಸ ಕೊಟ್ಟವ, ಮದುವೆಯಾಗುತ್ತೇನೆಂದವ. ಫಲಕವು ತೋರಿಸುವ ಅಪರಿಚಿತನನ್ನು ಹುಡುಕುತ್ತಾ ನಾವು ಬೀದಿಯ ಕಡೆ ನೋಡುತ್ತಿರುವಾಗ ಅವನು ನಮ್ಮ ಹಿಂದೆ ಜಗಲಿಯಲ್ಲಿ ಕುಳಿತಿರುತ್ತಾನೆ.

ತಪ್ಪು ಕಡೆಗೆ ತೋರಿಸಿದ ಬೆರಳು ವ್ಯರ್ಥವಾಗುವುದು ಮಾತ್ರವಲ್ಲ, ಪ್ರಾಣವನ್ನೂ ತೆಗೆಯಬಲ್ಲದು. ಕರಾಚಿಯಲ್ಲಿ ಕಾಣೆಯಾದ ಮಕ್ಕಳಿಗಾಗಿ ದುಡಿಯುವ ರೋಶ್ನಿ ಹೆಲ್ಪ್‌ಲೈನ್ ಎಂಬ ಸಂಸ್ಥೆಯು ಜಾಹೀರಾತು ಕಂಪೆನಿಯೊಂದರ ನೆರವಿನಿಂದ ಒಂದು ಕಿರುಚಿತ್ರ ತಯಾರಿಸಿತ್ತು. ಬೈಕಿನಲ್ಲಿ ಬಂದ ಇಬ್ಬರು ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಕೊನೆಯಲ್ಲಿ ಮರಳಿ ಬಂದು ಮಗುವನ್ನು ಇಳಿಸಿ, ಮಗುವನ್ನು ಕದಿಯಲು ಕ್ಷಣ ಸಾಕೆಂಬ ಎಚ್ಚರಿಕೆಯ ಫಲಕ ತೋರಿಸುತ್ತಾರೆ. ಯಾರೋ ಆ ಕೊನೆಯ ಭಾಗವನ್ನು ಕತ್ತರಿಸಿಬಿಟ್ಟರು. ಉಳಿದದ್ದು ಭಾರತದ ಮೊಬೈಲುಗಳಲ್ಲಿ ನಿಜವಾದ ಅಪಹರಣವೆಂದು ಹರಿದಾಡಿತು. 2018ರಲ್ಲಿ ಇಂತಹ ವೀಡಿಯೋಗಳೂ ವದಂತಿಗಳೂ ಹಬ್ಬಿದ್ದ ತಿಂಗಳುಗಳಲ್ಲಿ, ಮಕ್ಕಳ ಕಳ್ಳರೆಂಬ ಗುಮಾನಿಯಿಂದ ಜನರು ಅಮಾಯಕರನ್ನು ಬಡಿದು ಕೊಂದರು. ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಹೊರ ರಾಜ್ಯದ ಒಬ್ಬ ಯುವಕ. ಜುಲೈಯಲ್ಲಿ ಬೀದರ್ ಜಿಲ್ಲೆಯಲ್ಲಿ, ಶಾಲಾಮಕ್ಕಳಿಗೆ ಚಾಕಲೇಟು ಹಂಚಿದ ತಂಡದಲ್ಲಿದ್ದ ಹೈದರಾಬಾದಿನ ಒಬ್ಬ ಇಂಜಿನಿಯರ್. ಚಿತ್ರ ಮಾಡಿದವರ ಉದ್ದೇಶ ನಿಷ್ಕಳಂಕವಾಗಿತ್ತು. ಬರಿಯ ಭಯವನ್ನು ಹಂಚಿದರೆ ಅದು ಯಾವ ಬೀದಿಯಲ್ಲಿ ಯಾರ ಕೈಯ ಕಲ್ಲಾಗುತ್ತದೆಂದು ಹೇಳಲಾಗದು.

ಅಮೆರಿಕದಲ್ಲೂ ಇದರ ಒಂದು ಸೌಮ್ಯ ರೂಪವನ್ನು ನೋಡಿದ್ದೇವೆ. ಕಳ್ಳಸಾಗಣೆಯ ವಿರುದ್ಧ ವರ್ಷಗಳಿಂದ ಪ್ರಚಾರ ಮಾಡುತ್ತಿದ್ದ ಸಿಂಡಿ ಮೆಕೇನ್ ಅವರು 2019ರ ಆರಂಭದಲ್ಲಿ, ಫೀನಿಕ್ಸ್ ವಿಮಾನ ನಿಲ್ದಾಣದಲ್ಲಿ ಬೇರೆ ಜನಾಂಗದವಳಂತೆ ಕಂಡ ಮಗುವಿನೊಂದಿಗಿದ್ದ ಮಹಿಳೆಯನ್ನು ಸಂಶಯಿಸಿ ಪೊಲೀಸರಿಗೆ ತಿಳಿಸಿದ್ದಾಗಿಯೂ, ಅದು ಕಳ್ಳಸಾಗಣೆಯೇ ಆಗಿತ್ತೆಂದೂ ಹೇಳಿದರು. ಪೊಲೀಸರು ವಿಚಾರಿಸಿದಾಗ ಯಾವ ಅಪರಾಧವೂ ಕಂಡುಬಂದಿರಲಿಲ್ಲ. ತಾಯಿಯ ಬಣ್ಣ ಬೇರೆ, ಮಗುವಿನ ಬಣ್ಣ ಬೇರೆ ಎಂಬುದು ಸಾಕ್ಷ್ಯವಲ್ಲ. ಅತಿಯಾದ ಗುಮಾನಿಯಿಂದ ದೂರವಿರಬೇಕೆಂಬ ಕುರ್‌ಆನಿನ ಆಜ್ಞೆ ಇಲ್ಲಿಗೂ ಅನ್ವಯಿಸುತ್ತದೆ. ಬುರ್ಖಾ, ಟೋಪಿ, ಗಡ್ಡಗಳನ್ನು ನೋಡಿದೊಡನೆ ಗುಮಾನಿಪಡುವವರಿಂದ ನೊಂದಿರುವ ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಆದರೆ ಲಾರಿಯಿಂದ ಇಳಿದ ಅಸ್ಸಾಮಿನ ಕೂಲಿಯಾಳನ್ನು ನಾವು ಯಾವ ಕಣ್ಣಿನಿಂದ ನೋಡುತ್ತೇವೆ?

ವ್ಯಾಪಾರ ಮತ್ತು ಸ್ವಯಂಸೇವಾ ಸಂಸ್ಥೆಗಳ ಕೂಟಕ್ಕೆ ನಮ್ಮ ದೇಶದ ಕಾನೂನಿನಲ್ಲೇ ಒಂದು ಜಾಗವಿದೆ ಎಂಬುದು ಅನೇಕರಿಗೆ ತಿಳಿದಿಲ್ಲ. 1992ರಲ್ಲಿ ರಾಜಸ್ಥಾನದ ಭಟೇರಿ ಗ್ರಾಮದಲ್ಲಿ, ಬಾಲ್ಯವಿವಾಹವನ್ನು ತಡೆಯಲು ಹೋದ ಭಂವರಿ ದೇವಿ ಎಂಬ ಕಾರ್ಯಕರ್ತೆಯ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. ಆಕೆ ಸರಕಾರದ ಮಹಿಳಾ ಅಭಿವೃದ್ಧಿ ಕಾರ್ಯಕ್ರಮದಲ್ಲಿ ದುಡಿಯುತ್ತಿದ್ದವರು, ಆಕೆಗೆ ಆದದ್ದು ಕೆಲಸದ ಕಾರಣದಿಂದಲೇ. ವಿಶಾಖಾ ಮೊದಲಾದ ಸಂಸ್ಥೆಗಳು ಸುಪ್ರೀಮ್ ಕೋರ್ಟಿಗೆ ಹೋದವು. 1997ರಲ್ಲಿ ಕೋರ್ಟು ಕೆಲಸದ ಸ್ಥಳಗಳಿಗೆ ಮಾರ್ಗಸೂಚಿ ವಿಧಿಸಿತು. 2013ರಲ್ಲಿ ಅದು ಕಾಯಿದೆಯಾಯಿತು. ಹತ್ತು ಅಥವಾ ಹೆಚ್ಚು ನೌಕರರಿರುವ ಪ್ರತಿಯೊಂದು ಸ್ಥಳದಲ್ಲೂ ಮಹಿಳೆಯ ಅಧ್ಯಕ್ಷತೆಯಲ್ಲಿ ಒಂದು ಆಂತರಿಕ ಸಮಿತಿ ಇರಬೇಕು. ಅದರಲ್ಲಿ ಹೊರಗಿನ ಒಬ್ಬ ಸದಸ್ಯರು ಇರಲೇಬೇಕು, ಸ್ವಯಂಸೇವಾ ಸಂಸ್ಥೆಯವರು ಅಥವಾ ಈ ವಿಷಯವನ್ನು ಬಲ್ಲವರು. ಸಮಿತಿ ಮಾಡದಿದ್ದರೆ 50,000 ರೂಪಾಯಿವರೆಗೆ ದಂಡ. ಹತ್ತಕ್ಕಿಂತ ಕಡಿಮೆ ಜನರಿರುವ ಅಂಗಡಿಯ ಹುಡುಗಿಗೂ, ಮನೆಗೆಲಸದ ಹೆಂಗಸಿಗೂ ದೂರು ಕೊಡಲು ಜಿಲ್ಲಾ ಮಟ್ಟದಲ್ಲಿ ಸ್ಥಳೀಯ ಸಮಿತಿಯಿದೆ. ಹತ್ತು ವರ್ಷಗಳ ನಂತರ, 2023ರ ಮೇಯಲ್ಲಿ, ಸುಪ್ರೀಮ್ ಕೋರ್ಟೇ ಈ ಕಾಯಿದೆ ಪಾಲನೆಯಾಗದಿರುವ ಬಗ್ಗೆ ಖೇದ ವ್ಯಕ್ತಪಡಿಸಬೇಕಾಯಿತು.

ಇದಕ್ಕೆ ಕಾರಣ ಹುಡುಕುವುದು ಕಷ್ಟವಲ್ಲ. 2013ರ ಇನ್ನೊಂದು ಕಾಯಿದೆಯಂತೆ ದೊಡ್ಡ ಕಂಪೆನಿಗಳು ತಮ್ಮ ಸರಾಸರಿ ಲಾಭದ ಶೇಕಡಾ 2ನ್ನು ಸಮಾಜಕಾರ್ಯಕ್ಕೆ ವಿನಿಯೋಗಿಸಬೇಕು. ತನ್ನ ನೌಕರರಿಗೆ ಮಾತ್ರ ಪ್ರಯೋಜನವಾಗುವ ಖರ್ಚು ಆ ಲೆಕ್ಕಕ್ಕೆ ಸೇರದು. ನಿಯಮ ನ್ಯಾಯವಾದದ್ದೇ. ಆದರೆ ಅದರ ಪರಿಣಾಮವನ್ನು ನೋಡಿರಿ. ಊರ ಬಸ್‌ಸ್ಟ್ಯಾಂಡಿನಲ್ಲಿ ಹಾಕಿದ ಫಲಕ ಸತ್ಕಾರ್ಯವೆಂದು ವಾರ್ಷಿಕ ವರದಿಯಲ್ಲಿ ಬಣ್ಣದ ಚಿತ್ರವಾಗುತ್ತದೆ. ಕಾರ್ಖಾನೆಯ ಒಳಗಿನ ಸಮಿತಿಯು ಹೊರಗಿನವರಿಗೆ ಕಾಣದ ಖರ್ಚಾಗುತ್ತದೆ.

ಹೀಗಿದ್ದೂ ಒಳಗಿನ ಬಾಗಿಲು ತೆರೆದ ಒಂದು ನಿದರ್ಶನ ನಮ್ಮ ನೆರೆಯ ತಮಿಳುನಾಡಿನಲ್ಲೇ ಇದೆ. ದಿಂಡಿಗಲ್ ಜಿಲ್ಲೆಯ ಒಂದು ಉಡುಪು ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ದಲಿತ ಯುವತಿಯೊಬ್ಬಳು 2021ರ ಜನವರಿಯಲ್ಲಿ ಕೊಲೆಯಾದಳು. ಆರೋಪಿ ಅವಳ ಮೇಲ್ವಿಚಾರಕನೇ. ಆ ಕಾರ್ಖಾನೆಯಲ್ಲಿ ಹೊಲಿದ ಬಟ್ಟೆಗಳು ಎಚ್ ಅಂಡ್ ಎಮ್‌ನಂತಹ ಹೆಸರಾಂತ ಕಂಪೆನಿಗಳ ಅಂಗಡಿಗಳಿಗೆ ಹೋಗುತ್ತಿದ್ದವು. ದಲಿತ ಮಹಿಳೆಯರ ಮುಂದಾಳುತನದ ಕಾರ್ಮಿಕ ಸಂಘವೂ, ಅದಕ್ಕೆ ಬೆಂಬಲವಾಗಿ ನಿಂತ ದೇಶ ವಿದೇಶಗಳ ಸಂಸ್ಥೆಗಳೂ ಒಂದು ವರ್ಷಕ್ಕೂ ಹೆಚ್ಚು ಕಾಲ ಹೋರಾಡಿದವು. ಕೊನೆಗೆ 2022ರ ಏಪ್ರಿಲ್‌ನಲ್ಲಿ ದಿಂಡಿಗಲ್ ಒಪ್ಪಂದಕ್ಕೆ ಸಹಿಯಾಯಿತು. ಇದು ಫಲಕ ಹಾಕುವ ಒಪ್ಪಂದವಲ್ಲ. ಕೆಲಸಗಾರ್ತಿಯರಿಂದಲೇ ನಿಗಾ ನೋಡುವವರನ್ನು ಆರಿಸಿ ಅವರಿಗೆ ಸಂಘವು ತರಬೇತಿ ಕೊಟ್ಟಿತು. ದೂರನ್ನು ಕೇಳಲು ಕಾರ್ಖಾನೆಯ ಹಿಡಿತದಲ್ಲಿಲ್ಲದ ವ್ಯವಸ್ಥೆಯಾಯಿತು. ಕಾರ್ಖಾನೆ ಮಾತಿಗೆ ತಪ್ಪಿದರೆ ಬಟ್ಟೆ ಕೊಳ್ಳುವ ಕಂಪೆನಿಯು ತನ್ನ ವ್ಯಾಪಾರವನ್ನು ಬಳಸಿ ಅದನ್ನು ದಾರಿಗೆ ತರಲು ಬದ್ಧವಾಯಿತು. ಕತ್ತಿ ಹಿರಿಯುವ ಕಾಲ ಹೋಯಿತು. ವ್ಯಾಪಾರಿಗೆ ಅರ್ಥವಾಗುವ ಕತ್ತಿಯೆಂದರೆ ಆರ್ಡರು. ಆ ಕತ್ತಿಯನ್ನು ಇಲ್ಲಿ ಹುಡುಗಿಯರ ಪಕ್ಷದಲ್ಲಿ ಇಡಲಾಯಿತು.

ಇನ್ನು ಸ್ವಯಂಸೇವಾ ಸಂಸ್ಥೆಗಳ ಮಾತು. ಅವುಗಳಿಗೆ ಹಣ ಬೇಕು. ರಕ್ಷಿಸಿ ತಂದ ಹುಡುಗಿಗೆ ಮನೆ, ವಕೀಲರು, ಔಷಧಿ, ಮತ್ತೆ ವರ್ಷಗಟ್ಟಲೆ ಓದು, ಕಸುಬು, ಎಲ್ಲವೂ ಖರ್ಚಿನವು. ಶ್ರೀಮಂತ ಕಂಪೆನಿಯೊಂದು ಚೆಕ್ಕು ಹಿಡಿದು ಬಂದರೆ ಬೇಡವೆನ್ನಬೇಕೆಂದು ನಾವು ಹೇಳುವುದಿಲ್ಲ. ಆದರೆ ಚೆಕ್ಕಿನ ಹಿಂದೆ ಬರೆಯದ ಒಂದು ಶರತ್ತು ಇರಬಹುದು, ನಮ್ಮ ಬಗ್ಗೆ ಮಾತಾಡಬೇಡಿ ಎಂಬ ಶರತ್ತು. ಹೋಟೆಲಿನ ಹಣದಿಂದ ಸಭೆ ನಡೆಸುವ ಸಂಸ್ಥೆಯು ಅದೇ ಹೋಟೆಲಿನ ಗುತ್ತಿಗೆ ಕೆಲಸಗಾರ್ತಿಯ ದೂರನ್ನು ಎತ್ತಿಕೊಳ್ಳಬಲ್ಲದೇ? ಎತ್ತಿಕೊಳ್ಳಲಾರದೆಂದಾದರೆ ಅಲ್ಲಿ ಮಾರಾಟವಾಗಿರುವುದು ಕ್ರೀಮಲ್ಲ. ಇನ್ನೊಂದು ಕೆಟ್ಟ ಪದ್ಧತಿಯೂ ಇದೆ. ಬದುಕಿ ಬಂದ ಹುಡುಗಿಯನ್ನು ಪ್ರಾಯೋಜಕರ ವೇದಿಕೆಗೆ ಕರೆತಂದು, ತನಗಾದದ್ದನ್ನೆಲ್ಲ ಊಟಕ್ಕೆ ಮುಂಚೆ ಹೇಳಿಸುವುದು. ಅತ್ಯಾಚಾರಕ್ಕೊಳಗಾದವಳ ಗುರುತನ್ನು ಪ್ರಕಟಿಸುವುದು ಕಾನೂನಿನಂತೆ ಅಪರಾಧ. ಕಾನೂನು ಇಲ್ಲದಿದ್ದರೂ, ಸಹೋದರನ ಮಾನವನ್ನು ಮುಚ್ಚುವುದನ್ನು ಪುಣ್ಯವೆಂದು ಕಲಿತವರಿಗೆ ಸಹೋದರಿಯ ಗಾಯವನ್ನು ಬಿಚ್ಚಿ ತೋರಿಸಿ ಚಂದಾ ಎತ್ತುವುದು ಹೇಗೆ ಸಮ್ಮತವಾದೀತು? ಆಕೆ ತಾನಾಗಿ, ತನ್ನ ಇಚ್ಛೆಯಿಂದ, ತನ್ನ ಮಾತಿನಲ್ಲಿ ಹೇಳಬಯಸಿದರೆ ಅದು ಬೇರೆ.

ವಾಚಕರೇ, ಇಷ್ಟೂ ದೊಡ್ಡ ಕಂಪೆನಿಗಳ ಕಥೆ, ನಮಗೇನು ಎಂದು ನೀವು ಕೇಳಬಹುದು. ನಿಮ್ಮಲ್ಲಿ ಲಾಡ್ಜು ಇಟ್ಟವರಿದ್ದೀರಿ. ಬಟ್ಟೆ ಅಂಗಡಿ, ಬೇಕರಿ, ಬೀಡಿ ವ್ಯವಹಾರ ಇಟ್ಟವರಿದ್ದೀರಿ. ಟ್ರಾವೆಲ್ಸ್ ನಡೆಸುವವರೂ, ಗಲ್ಫಿಗೆ ಜನ ಕಳುಹಿಸುವವರೂ ಇದ್ದೀರಿ. 1983ರ ವಲಸೆ ಕಾಯಿದೆಯು ವಿದೇಶಕ್ಕೆ ಕೆಲಸಗಾರರನ್ನು ಕಳುಹಿಸುವ ಏಜೆಂಟರಿಗೆ ನೋಂದಣಿಯನ್ನು ಕಡ್ಡಾಯಗೊಳಿಸಿದ್ದು ಸುಮ್ಮನೆ ಅಲ್ಲ. ನೋಂದಣಿಯಿಲ್ಲದ ಯಾರೋ ಒಬ್ಬರು ಬಡ ವಿಧವೆಗೆ ಮನೆಗೆಲಸವೆಂದು ವೀಸಾ ಕೊಡಿಸುವಾಗ, ಟಿಕೇಟು ಮಾಡಿಕೊಡುವ ಕೈ ನಮ್ಮದಾಗಿರಬಹುದು. ಸ್ವತಂತ್ರ ಮನುಷ್ಯನನ್ನು ಮಾರಿ ಅವನ ಬೆಲೆಯನ್ನು ತಿಂದವನಿಗೂ, ದುಡಿಸಿಕೊಂಡು ಕೂಲಿ ಕೊಡದವನಿಗೂ ಪುನರುತ್ಥಾನದ ದಿನ ಅಲ್ಲಾಹನೇ ಪ್ರತಿವಾದಿಯಾಗುವನೆಂದು ಹದೀಸ್‌ನಲ್ಲಿದೆ. ಒಂದೇ ಮಾತಿನಲ್ಲಿ ಅವರಿಬ್ಬರನ್ನೂ ಅಕ್ಕಪಕ್ಕದಲ್ಲಿ ನಿಲ್ಲಿಸಲಾಗಿದೆ ಎಂಬುದನ್ನು ಗಮನಿಸಿರಿ. ಸಂಬಳ ತಡೆಹಿಡಿದ ಮಾಲಕನಿಂದಲೇ ಎಷ್ಟೋ ಹುಡುಗಿಯರು ದಲ್ಲಾಳಿಯ ಕೈಗೆ ಬೀಳುತ್ತಾರೆ.

ನಾಳೆ ಯಾವುದಾದರೂ ಸಂಸ್ಥೆಯವರು ಮಹಿಳಾ ದಿನಾಚರಣೆಗೆ ನಿಮ್ಮ ಅಂಗಡಿಯ ಹೆಸರಿನಲ್ಲಿ ಬ್ಯಾನರು ಹಾಕೋಣವೇ ಎಂದು ಕೇಳಿಕೊಂಡು ಬಂದರೆ, ಹಾಕಿಸಿರಿ. ಮಕ್ಕಳಿಗಾಗಿ ಇರುವ 1098, ಮಹಿಳೆಯರಿಗಾಗಿ ಇರುವ 181 ಎಂಬ ಸಹಾಯವಾಣಿ ಸಂಖ್ಯೆಗಳನ್ನು ನಿಮ್ಮ ಅಂಗಡಿಯ ಹೆಸರಿಗಿಂತ ದೊಡ್ಡದಾಗಿ ಬರೆಸಿರಿ. ಬಂದವರನ್ನು ಕೂರಿಸಿ, ನಮ್ಮಲ್ಲಿ ದುಡಿಯುವ ಹುಡುಗಿಯರೊಡನೆ ನಾನಿಲ್ಲದಾಗ ಅರ್ಧ ಗಂಟೆ ಮಾತಾಡುತ್ತೀರಾ ಎಂದು ಕೇಳಿರಿ. ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡುವುದು ಹೇಗೆಂದು ಅವರಿಗೆ ಹೇಳಿಕೊಡಲಿ. ಆ ಅರ್ಧ ಗಂಟೆಯ ಹೊತ್ತು ನಿಮ್ಮ ಮ್ಯಾನೇಜರನೂ, ನಿಮ್ಮ ಭಾವಮೈದುನನೂ, ಗೋಡೌನಿನ ಬೀಗದ ಕೈ ಇಟ್ಟುಕೊಂಡವನೂ ಹೊರಗಿರಲಿ.